ಬಿತ್ತನೆಬೀಜದ ಗಾತ್ರವೂ ತಕ್ಕಡಿಯ ಲೆಕ್ಕವೂ

ಮದ್ದೂರು ತಾಲ್ಲೂಕಿನ ಕೊಪ್ಪದ ಹೆಸರೆತ್ತಿದೊಡನೆ ಹೊರಗಿನವರ ಮನಸ್ಸಿಗೆ ಬರತಕ್ಕದ್ದು ಅಲ್ಲಿಯ ಸಕ್ಕರೆ ಕಾರ್ಖಾನೆ ಮತ್ತು ಕಬ್ಬು ಹೇರಿಕೊಂಡು ಅದರ ಕಡೆಗೆ ಸಾಗುವ ಗಾಡಿಗಳ ಸಾಲು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕೃಷ್ಣರಾಜಸಾಗರದ ನೀರು ನಾಲೆಯಲ್ಲಿ ಹರಿದು, ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ನರ ಪ್ರಯತ್ನದ ಫಲವಾಗಿ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾದಂದಿನಿಂದ ಈ ಸೀಮೆಯ ಕೃಷಿವಿಚಾರವೆಲ್ಲ ಕಬ್ಬು ಮತ್ತು ಭತ್ತಗಳ ಸುತ್ತಲೇ ತಿರುಗುತ್ತ ಬಂದಿದೆ. ಆದರೆ ನೀರು ಹತ್ತದ ದಿಣ್ಣೆಗಳು, ಮಳೆಯನ್ನೇ ನಂಬಿದ ಕೆಂಪು ಮರಳುಮಣ್ಣಿನ ಹೊಲಗಳು ಈ ತಾಲ್ಲೂಕಿನಲ್ಲಿಯೂ ಪಕ್ಕದ ಮಳವಳ್ಳಿಯಲ್ಲಿಯೂ ಇನ್ನೂ ಉಂಟು. ಅಲ್ಲಿ ರಾಗಿಯ ಜೊತೆಗೆ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು, ಸಾಸಿವೆಗಳೂ, ಹೊಲದ ಅಂಚಿನಲ್ಲಿ ಹರಳೂ, ಮುಂಗಾರಿಗೆ ಮುಂಚಿನ ಹದದಲ್ಲಿ ಎಳ್ಳೂ, ಅಲ್ಲಲ್ಲಿ ಕಡಲೆಕಾಯಿ, ಸೂರ್ಯಕಾಂತಿಗಳೂ ಬೆಳೆಯುತ್ತವೆ. ತಾನು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಪರದೇಶದಿಂದ ತರಿಸಿಕೊಳ್ಳುತ್ತಿರುವ ದೇಶವು ಇಂಥ ಹೊಲಗಳನ್ನು ಮರೆಯುವುದು ವಿವೇಕವಲ್ಲ. ಈ ಹೊಲಗಳ ವಿಷಯದಲ್ಲಿ ನಾನು ಎತ್ತಬಯಸುವ ಪ್ರಶ್ನೆ ನೋಡಲು ಅಲ್ಪವಾದದ್ದು: ಬಿತ್ತುವ ಬೀಜ ದಪ್ಪಗಿದ್ದರೆ ಬೆಳೆ ಹೆಚ್ಚಾಗುವುದೆ?

ಹೆಚ್ಚಾಗುತ್ತದೆಂದು ನಮ್ಮ ರೈತರಲ್ಲಿ ಬಹುಮಂದಿ ನಂಬುತ್ತಾರೆ. ಆದರೆ ನಂಬಿದಂತೆ ನಡೆಯಲು ಸಂತೆ ಬಿಡುವುದಿಲ್ಲ. ಕಡಲೆಕಾಯಿಯ ದಪ್ಪ ಕಾಳಿಗೆ ವರ್ತಕನು ಒಳ್ಳೆಯ ಬೆಲೆ ಕೊಡುತ್ತಾನಾದುದರಿಂದ ಅದು ಮನೆಯಿಂದ ಹೊರಡುತ್ತದೆ. ಮೊರದ ಮೂಲೆಯಲ್ಲಿ ಉಳಿದ ಸಣ್ಣದು, ಸುಕ್ಕಿದ್ದು, ಅರೆಬಲಿತದ್ದು ಮುಂದಿನ ವರ್ಷದ ಬಿತ್ತನೆಗೆ ಉಳಿಯುತ್ತದೆ. ಇದನ್ನು ನೋಡಿದ ಉಪದೇಶಕರು ‘ದಪ್ಪ ಬೀಜವನ್ನೇ ಬಿತ್ತಿರಿ’ ಎಂದು ಹೇಳುತ್ತ ಬಂದಿದ್ದಾರೆ. ರೈತನ ಅಭ್ಯಾಸ ಹಾನಿಕರವಾದದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಉಪದೇಶಕರ ಮಾತಿನಲ್ಲಿಯೂ ಸತ್ಯದ ಒಂದಂಶ ಮಾತ್ರ ಇದೆಯೆಂದೂ, ಆ ಅಂಶವನ್ನೇ ಪೂರ್ಣಸತ್ಯವೆಂದು ಹಿಡಿದರೆ ರೈತನ ಕೈಯಿಂದ ಬೀಜಕ್ಕಾಗಿ ಹೆಚ್ಚು ಹಣ ಹೋಗಿ ಹೊಲದಲ್ಲಿ ಸಾಲುಗಳು ಬರಿದಾಗುವುದೂ ಸಾಧ್ಯವೆಂದೂ ನನ್ನ ಅಭಿಪ್ರಾಯ.

ಮೊದಲು ವಂಶದ ಮಾತು. ಡೆನ್ಮಾರ್ಕಿನ ಸಸ್ಯವಿಜ್ಞಾನಿ ವಿಲ್‌ಹೆಲ್ಮ್ ಜೋಹಾನ್ಸನ್ ಎಂಬಾತನು 1903ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಈ ವಿಷಯಕ್ಕೆ ಇಂದಿಗೂ ಆಧಾರವಾಗಿದೆ. ಸಣ್ಣದೂ ದೊಡ್ಡದೂ ಬೆರೆತಿದ್ದ ಹುರುಳಿಕಾಯಿ ಬೀಜಗಳ ರಾಶಿಯಿಂದ ಅವನು ಹತ್ತೊಂಬತ್ತು ಶುದ್ಧ ವಂಶಗಳನ್ನು ಬೇರ್ಪಡಿಸಿದನು. ಅಂದರೆ ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಒಂದೊಂದೇ ಗಿಡದ ಸಂತತಿಯನ್ನು ಪ್ರತ್ಯೇಕವಾಗಿ ಬೆಳೆದನು. ವಂಶವಂಶಗಳ ನಡುವೆ ಬೀಜದ ಸರಾಸರಿ ತೂಕದಲ್ಲಿ ಸ್ಪಷ್ಟವಾದ ಅಂತರವಿತ್ತು. ಆದರೆ ಒಂದೇ ವಂಶದೊಳಗೆ ಅತಿ ದೊಡ್ಡ ಬೀಜವನ್ನಾಯ್ದು ಬಿತ್ತಿದಾಗಲೂ ಅತಿ ಸಣ್ಣದನ್ನಾಯ್ದು ಬಿತ್ತಿದಾಗಲೂ ಮುಂದಿನ ಪೀಳಿಗೆಯ ಬೀಜಗಳ ಸರಾಸರಿ ಹೆಚ್ಚುಕಡಮೆ ಒಂದೇ ಆಗಿ ಬಂದಿತು. ಆ ವಂಶದೊಳಗಿನ ವ್ಯತ್ಯಾಸವೆಲ್ಲ ತಾಯಿಗಿಡಕ್ಕೆ ದೊರೆತ ನೀರು, ಗೊಬ್ಬರ, ಬೆಳಕು, ಕಾಯಿಯೊಳಗಿನ ಸ್ಥಾನ ಇವುಗಳಿಂದ ಉಂಟಾದದ್ದೇ ಹೊರತು ಪಿತ್ರಾರ್ಜಿತವಲ್ಲ. ಕಡಲೆಕಾಯಿ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದ ಬೆಳೆಯಾದ್ದರಿಂದ ಇದು ಅದಕ್ಕೂ ಅನ್ವಯಿಸುತ್ತದೆ. ಒಂದೇ ಶುದ್ಧ ತಳಿಯ ಸಣ್ಣ ಕಾಳನ್ನು ಬಿತ್ತಿದರೆ ಸಣ್ಣ ಕಾಳಿನ ಬೆಳೆಯೇ ಬರುವುದೆಂಬ ಭಯಕ್ಕೆ ಆಧಾರವಿಲ್ಲ.

ಹಾಗೆಂದಮಾತ್ರಕ್ಕೆ ಸಂತೆಯ ಕಲಬೆರಕೆ ಬೀಜಕ್ಕೆ ಈ ಸಮಾಧಾನ ಸಲ್ಲದು. ಮೂರು ತಳಿ ಬೆರೆತ ರಾಶಿಯಲ್ಲಿ ಸಣ್ಣ ಕಾಳು ಬೇರೊಂದು ತಳಿಯದೇ ಆಗಿರಬಹುದು. ವರ್ಷವರ್ಷವೂ ಉಳಿಕೆಯನ್ನೇ ಬಿತ್ತುತ್ತ ಹೋದರೆ ರಾಶಿಯೆಲ್ಲ ಆ ತಳಿಯ ಕಡೆಗೇ ವಾಲುವುದು. ಸೂರ್ಯಕಾಂತಿಯಂತಹ, ದುಂಬಿ ಜೇನ್ನೊಣಗಳು ಹೂವಿನಿಂದ ಹೂವಿಗೆ ಪರಾಗವನ್ನು ಸಾಗಿಸುವ ಬೆಳೆಯಲ್ಲಿಯಂತೂ ಆಯ್ಕೆಯ ಪರಿಣಾಮ ಇನ್ನೂ ಬೇಗ ಕಾಣುತ್ತದೆ.

ಇನ್ನು ಸಸಿಯ ಮಾತು. ಇಲ್ಲಿ ದಪ್ಪ ಬೀಜದ ಪಕ್ಷದಲ್ಲಿ ಹೇಳಬೇಕಾದದ್ದು ಸಾಕಷ್ಟಿದೆ. ಬೀಜದೊಳಗಿನ ಸಂಗ್ರಹವು ಎಲೆ ಬಿಚ್ಚಿ ಬಿಸಿಲನ್ನು ಹಿಡಿಯುವವರೆಗೆ ಮೊಳಕೆಗಿರುವ ಏಕಮಾತ್ರ ಆಹಾರ. ಎಣ್ಣೆಕಾಳುಗಳ ವಿಶೇಷವೇನೆಂದರೆ ಆ ಆಹಾರವನ್ನು ಅವು ಬಹುಪಾಲು ಕೊಬ್ಬಿನ ರೂಪದಲ್ಲಿಡುತ್ತವೆ. ಒಂದು ತೂಕದ ಕೊಬ್ಬಿನಲ್ಲಿ ಅಷ್ಟೇ ತೂಕದ ಪಿಷ್ಟದಲ್ಲಿರುವುದರ ಎರಡರಷ್ಟಕ್ಕೂ ಮೀರಿದ ಶಕ್ತಿಯಿದೆ. ಸಾವಿರ ಕಾಳು ಸೇರಿ ಸುಮಾರು 3 ಗ್ರಾಂ ತೂಗುವ ಎಳ್ಳು ಅಷ್ಟು ಅಲ್ಪಕಾಯವಾಗಿದ್ದೂ ಬದುಕಿ ಬರುವುದು, ಆ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ ಆಗಿರುವುದರಿಂದ. ಆದರೆ ಎಣ್ಣೆ ನೀರಿನಲ್ಲಿ ಕರಗದು. ಬೇರಿನ ತುದಿಗೂ ಚಿಗುರಿನ ತುದಿಗೂ ಅದು ಸಾಗಬೇಕಾದರೆ ಮೊದಲು ಸಕ್ಕರೆಯಾಗಿ ಮಾರ್ಪಡಬೇಕು. ಕೊಪ್ಪದ ಜನಕ್ಕೆ ತಿಳಿಯುವಂತೆ ಹೇಳುವುದಾದರೆ ನೆಲದೊಳಗೆ ಮೊಳೆಯುವ ಒಂದೊಂದು ಎಣ್ಣೆಕಾಳೂ ಒಂದೊಂದು ಸಕ್ಕರೆ ಕಾರ್ಖಾನೆ, ಮತ್ತು ಆ ಕಾರ್ಖಾನೆ ನಡೆಯಲು ಆಮ್ಲಜನಕ ಬೇಕು. ನೀರು ನಿಂತು ಗಾಳಿಯಾಡದ ಮಣ್ಣಿನಲ್ಲಿ ಎಣ್ಣೆಕಾಳು ಬೇಗ ಕೊಳೆಯುವುದಕ್ಕೆ ಇದೊಂದು ಕಾರಣ.

ಸಂಗ್ರಹ ಹೆಚ್ಚಾಗಿದ್ದಷ್ಟೂ ಮೊಳಕೆ ಆಳದಿಂದ ಮೇಲೇಳಬಲ್ಲದು, ಅದರ ಬೀಜದಳಗಳೂ ಮೊದಲೆಲೆಗಳೂ ಅಗಲವಾಗುವುವು, ಬಿತ್ತಿದ ವಾರದಲ್ಲಿಯೇ ಮಳೆ ಕೈಕೊಟ್ಟರೆ ಕೆಲವು ದಿನ ಹೆಚ್ಚಾಗಿ ತಾಳಬಲ್ಲದು. ನಮ್ಮ ಕೆಂಪುಮಣ್ಣಿನ ಒಂದು ದುರ್ಗುಣವನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು. ಬಿತ್ತನೆಯ ಮೇಲೆ ಒಂದು ಬಿರುಮಳೆ ಬಿದ್ದು ಹಿಂದೆಯೇ ಬಿಸಿಲು ಕಾದರೆ ನೆಲದ ಮೇಲ್ಪದರ ಗಟ್ಟಿಕಟ್ಟುತ್ತದೆ. ಅದನ್ನು ಒಡೆದು ಬರುವ ತ್ರಾಣ ಕಡಲೆಕಾಯಿಯ ತುಂಬಿದ ಕಾಳಿಗೆ ಇದ್ದೀತು, ಸುಕ್ಕಿದ ಕಾಳಿಗೆ ಇರದು, ಎಳ್ಳಿಗಂತೂ ಆಳ ಒಂದು ಅಂಗುಲ ಮೀರಿದರೇ ಸಂಕಟ.

ಆದರೆ ಮೊದಲ ಇಪ್ಪತ್ತು ದಿನ ಕಣ್ಣಿಗೆ ಕಾಣುವ ಈ ಅಂತರವು ಕೊಯ್ಲಿನ ರಾಶಿಯವರೆಗೆ ಉಳಿಯುವುದೋ ಎಂಬುದೇ ವಿಚಾರಣೀಯವಾದ ಅಂಶ. ಸಸಿ ತನ್ನ ಎಲೆಯಿಂದಲೇ ಅನ್ನವನ್ನು ಸಂಪಾದಿಸತೊಡಗಿದ ಮೇಲೆ ಬೀಜದ ಋಣ ತೀರಿತು. ಅಲ್ಲಿಂದ ಮುಂದೆ ಅದರ ಭಾಗ್ಯ ಮಳೆ, ಮಣ್ಣು, ಕಳೆ, ರೋಗ ಮತ್ತು ನೆರೆಯ ಗಿಡ ಇವುಗಳ ಅಧೀನ. ಒಂದೇ ಅಂತರದಲ್ಲಿ, ಒಂದೇ ಸಂಖ್ಯೆಯಲ್ಲಿ ದಪ್ಪ ಬೀಜವನ್ನೂ ಮಧ್ಯಮ ಬೀಜವನ್ನೂ ಬೇರೆ ಬೇರೆ ಸಾಲುಗಳಲ್ಲಿ ಬಿತ್ತಿ, ಹದ ಚೆನ್ನಾಗಿದ್ದರೆ, ಮೊದಲಿನ ಅಂತರ ಕ್ರಮೇಣ ಸಣ್ಣದಾಗುತ್ತ ಬರುವುದೇ ಸಾಮಾನ್ಯ. ಕೊಂಬೆಯೊಡೆಯುವ, ಬಹುಕಾಲ ಹೂ ಬಿಡುವ ಸಸ್ಯಗಳಲ್ಲಿ ಹಿಂದೆ ಬಿದ್ದದ್ದು ಮುಂದೆ ಬರಲು ಅವಕಾಶ ಹೆಚ್ಚು. ಕಡಲೆಕಾಯಿ ಹೂ ಬಿಟ್ಟು, ಊಡು ನೆಲಕ್ಕಿಳಿದು, ಕಾಯಿ ಕಟ್ಟುವ ಕಾಲದಲ್ಲಿ ಮಳೆ ಬಂದಿತೋ ಇಲ್ಲವೋ ಎಂಬುದರ ಮುಂದೆ ಬೀಜದ ಗಾತ್ರದ ಪ್ರಭಾವ ಎಷ್ಟರದು! ಬಿತ್ತನೆ ತಡವಾಗಿ, ಹದ ತೆಳುವಾಗಿ, ಋತು ಮೊಟಕಾದ ವರ್ಷಗಳಲ್ಲಿ ಮಾತ್ರ ಮೊದಲಿನ ಮುನ್ನಡೆ ಕೊನೆಯವರೆಗೂ ಉಪಕಾರಿಯಾಗುತ್ತದೆ. ಮಳೆಯಾಶ್ರಿತ ಹೊಲದಲ್ಲಿ ಅಂತಹ ವರ್ಷಗಳು ವಿರಳವಲ್ಲವೆಂಬುದನ್ನೂ ಒಪ್ಪಬೇಕು.

ನಾನು ದಪ್ಪಕ್ಕಿಂತ ಹೆಚ್ಚಾಗಿ ಒತ್ತಿ ಹೇಳುವುದು ಸಮತ್ವವನ್ನು. ದಪ್ಪ ಕಾಳೂ ಸಣ್ಣ ಕಾಳೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಬಿದ್ದಾಗ, ಎರಡು ದಿನ ಮೊದಲು ಎದ್ದ ದಪ್ಪ ಕಾಳಿನ ಸಸಿ ಪಕ್ಕದ ಬಡಸಸಿಯ ಮೇಲೆ ನೆರಳು ಚೆಲ್ಲಿ ಅದರ ಬಿಸಿಲನ್ನೂ ನೀರನ್ನೂ ಕಸಿದುಕೊಳ್ಳುತ್ತದೆ. ಪ್ರತ್ಯೇಕವಾಗಿ ಬಿತ್ತಿದ್ದರೆ ಚೇತರಿಸಿಕೊಳ್ಳುತ್ತಿದ್ದ ಸಸಿ ಇಲ್ಲಿ ಚೇತರಿಸಿಕೊಳ್ಳುವುದೇ ಇಲ್ಲ. ಆದುದರಿಂದ ಜರಡಿಯಾಡಿಸಿ ಕಾಳನ್ನು ದರ್ಜೆ ಮಾಡಿ, ಮಧ್ಯಮದ್ದನ್ನು ಒಂದು ಕಡೆಯೂ ದಪ್ಪದ್ದನ್ನು ಇನ್ನೊಂದು ಕಡೆಯೂ ಬಿತ್ತುವುದು ಎಲ್ಲವನ್ನೂ ಬೆರಸಿ ಬಿತ್ತುವುದಕ್ಕಿಂತ ಮೇಲು. ಸುಕ್ಕಿದ್ದನ್ನೂ ಒಡೆದದ್ದನ್ನೂ ಬಿತ್ತಲೇಬಾರದು; ಅದು ಗಾಣಕ್ಕೋ ದನಕ್ಕೋ ಹೋಗಲಿ.

ಸುಕ್ಕಿದ ಕಾಳು ಬೇರೆ, ಸಣ್ಣ ಕಾಳು ಬೇರೆ. ತಳಿಯ ಸ್ವಭಾವದಿಂದ ಸಣ್ಣದಾಗಿದ್ದು ಪೂರ್ಣವಾಗಿ ತುಂಬಿದ ಕಾಳಿನಲ್ಲಿ ದೋಷವೇನೂ ಇಲ್ಲ. ತಿಂಡಿವನದ ಎಣ್ಣೆಕಾಳು ಸಂಶೋಧನ ಕೇಂದ್ರದಿಂದ 1940ರಲ್ಲಿ ಹೊರಬಂದ ಟಿ.ಎಂ.ವಿ.-2 ಎಂಬ ಗೊಂಚಲು ಕಡಲೆಕಾಯಿ ಅನೇಕ ಹೊಸ ತಳಿಗಳು ಬಂದುಹೋದ ಮೇಲೂ ಚಳ್ಳಕೆರೆ, ಪಾವಗಡಗಳಂತಹ ಕಡಲೆಕಾಯಿಯ ನಿಜವಾದ ಸೀಮೆಗಳಲ್ಲಿ ಬಹುಕಾಲ ನೆಲೆನಿಂತಿತು. ಅದರ ಕಾಳು ದಪ್ಪವಲ್ಲ. ಮಳೆ ಕಡಮೆಯಾದಾಗ ಸಣ್ಣ ಕಾಳು ತುಂಬಿಕೊಳ್ಳುವಷ್ಟು ಸುಲಭವಾಗಿ ದೊಡ್ಡ ಕಾಳು ತುಂಬಿಕೊಳ್ಳಲಾರದು. ಬಿತ್ತನೆಗೂ ತೂಕ ಕಡಮೆ ಸಾಕು. ಆ ತಳಿಯ ದೀರ್ಘಾಯುಷ್ಯಕ್ಕೆ ಇವೂ ಕಾರಣವೆಂದು ನಾನು ಎಣಿಸುತ್ತೇನೆ. ಇತ್ತ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನ ಕೇಂದ್ರದವರು ಕ್ಷ-ಕಿರಣಗಳಿಂದ ಬೀಜದಲ್ಲಿ ಮಾರ್ಪಾಡುಂಟುಮಾಡಿ ಟಿ.ಜಿ. ಎಂಬ ಹೆಸರಿನ ಸಾಲಿನಲ್ಲಿ ದಪ್ಪ ಕಾಳಿನ ತಳಿಗಳನ್ನೂ ಪಡೆದರು. ಹುರಿದು ತಿನ್ನಲು, ಪರದೇಶಕ್ಕೆ ಕಳುಹಿಸಲು ಅವು ಯೋಗ್ಯವಾದವು. ಯಾವ ಹೊಲಕ್ಕೆ ಯಾವುದು ಎಂಬ ವಿವೇಚನೆ ಮಾತ್ರ ಬೇಕು.

ಕಾಳು ತುಂಬುವುದೂ ತುಂಬದಿರುವುದೂ ಬಹಳಮಟ್ಟಿಗೆ ತಾಯಿಬೆಳೆಯ ಮಣ್ಣಿನಲ್ಲಿ ನಿಶ್ಚಿತವಾಗುತ್ತದೆಂಬುದನ್ನು ನಮ್ಮ ಬೀಜಚರ್ಚೆಗಳು ಮರೆಯುತ್ತವೆ. ಕಡಲೆಕಾಯಿಯ ಕಾಯಿ ತನಗೆ ಬೇಕಾದ ಸುಣ್ಣದಂಶವನ್ನು ಬೇರಿನ ಮೂಲಕ ಪಡೆಯದೆ ತಾನು ಹೂತುಕೊಂಡಿರುವ ಮಣ್ಣಿನಿಂದ ನೇರವಾಗಿ ಹೀರಿಕೊಳ್ಳಬೇಕಾಗಿದೆ. ಮರಳು ಹೆಚ್ಚಾದ ಕೆಂಪುಮಣ್ಣಿನಲ್ಲಿ ಅದು ಸಾಲದಾದರೆ ಕಾಯಿಗಳು ಜೊಳ್ಳಾಗುವುವು; ತುಂಬಿದಂತೆ ತೋರುವ ಕಾಳಿನಲ್ಲಿಯೂ ಮೊಳಕೆಯ ಕುಡಿ ಕಪ್ಪಗಾಗಿ ಬಿತ್ತಿದಾಗ ಏಳದು. ಹೆಕ್ಟೇರಿಗೆ 500 ಕಿಲೋಗ್ರಾಂ ಜಿಪ್ಸಂ ಹಾಕಬೇಕೆಂಬ ಕೃಷಿ ವಿಶ್ವವಿದ್ಯಾನಿಲಯದ ಶಿಫಾರಸಿನ ತಾತ್ಪರ್ಯ ಇದೇ. ಕಾಳು ದಪ್ಪವಾದಷ್ಟೂ ಈ ಹಸಿವೂ ದೊಡ್ಡದು. ಬೀಜಕ್ಕಾಗಿ ಮೀಸಲಿಟ್ಟ ಹೊಲದ ತುಂಡಿಗಾದರೂ ಜಿಪ್ಸಂ ಹಾಕಿದ ರೈತನಿಗೆ ಮರುವರ್ಷದ ಸಾಲುಗಳಲ್ಲಿ ಅದರ ಫಲ ಕಾಣುತ್ತದೆ.

ಗಾತ್ರದ ಮೋಹಕ್ಕೆ ಅತ್ಯಂತ ಸ್ಪಷ್ಟವಾದ ಉತ್ತರವನ್ನು ಕೊಟ್ಟದ್ದು ಸೂರ್ಯಕಾಂತಿ. ರಷ್ಯದ ಕ್ರಾಸ್ನೊಡಾರಿನಲ್ಲಿ ವಸೀಲಿ ಪುಸ್ತೊವೋಯ್ತ್ ಎಂಬ ತಳಿವಿಜ್ಞಾನಿ ದಶಕಗಳ ಕಾಲ ಶ್ರಮಿಸಿ, ಸುಮಾರು ನೂರಕ್ಕೆ 30ರಷ್ಟಿದ್ದ ಎಣ್ಣೆಯ ಪ್ರಮಾಣವನ್ನು 50ರ ಆಸುಪಾಸಿಗೆ ಏರಿಸಿದನು. ಈ ಸಿದ್ಧಿಯ ದೊಡ್ಡ ಪಾಲು ಬಂದದ್ದು ಬೀಜವನ್ನು ಹಿಗ್ಗಿಸುವುದರಿಂದಲ್ಲ, ಸಿಪ್ಪೆಯನ್ನು ತೆಳುಗೊಳಿಸುವುದರಿಂದ. ಬಾಯಾಡಲು ತಿನ್ನುವ ಸೂರ್ಯಕಾಂತಿ ಬೀಜ ದೊಡ್ಡದಾಗಿಯೂ ದಪ್ಪ ಸಿಪ್ಪೆಯದಾಗಿಯೂ ಇರುತ್ತದೆ; ಎಣ್ಣೆಯ ಸೂರ್ಯಕಾಂತಿಯದು ಸಣ್ಣದು, ಕಪ್ಪು, ತಿರುಳು ತುಂಬಿದ್ದು. 1969ರಲ್ಲಿ ನಮ್ಮ ದೇಶಕ್ಕೆ ರಷ್ಯದಿಂದ ಬಂದ ಪೆರೆದೋವಿಕ್ ಮೊದಲಾದ ತಳಿಗಳು ಈ ಎರಡನೆಯ ಜಾತಿಯವು. ದಪ್ಪ ಸಿಪ್ಪೆಯ ಬೀಜ ನೀರು ಕುಡಿದು ಮೊಳೆಯಲು ಹೆಚ್ಚು ಹೊತ್ತು ಹಿಡಿಯುವುದರಿಂದ ಅರೆಹದದ ನೆಲದಲ್ಲಿ ಕೆಲವು ವೇಳೆ ಸಣ್ಣದೇ ಮೊದಲು ಏಳುವುದೂ ಉಂಟು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು 1980ರಲ್ಲಿ ಬಿ.ಎಸ್.ಎಚ್.-1 ಎಂಬ, ಭಾರತದ ಮೊತ್ತಮೊದಲ ಸೂರ್ಯಕಾಂತಿ ಸಂಕರ ತಳಿಯನ್ನು ಬಿಡುಗಡೆ ಮಾಡಿದ ಮೇಲೆ ಇನ್ನೊಂದು ವಿಚಿತ್ರ ಸೇರಿತು. ಸಂಕರ ಬೀಜ ಬೆಳೆಯುವುದು ಕೃಶವಾದ ತಾಯಿವಂಶದ ಹೂವಿನಲ್ಲಿ; ಆ ಬೀಜ ನೋಡಲು ಸಾಮಾನ್ಯವಾಗಿದ್ದರೂ ಅದರಿಂದ ಎದ್ದ ಗಿಡದ ಕಸುವು ಎರಡು ವಂಶಗಳ ಕೂಟದಿಂದ ಬಂದದ್ದಾದ್ದರಿಂದ ಚೀಲದೊಳಗಿನ ಕಾಳನ್ನು ಹೊಸಕಿ ನೋಡಿ ಬೆಳೆಯನ್ನು ಊಹಿಸಲಾಗದು. ಒಂದೇ ಹೂವಿನಲ್ಲಿ ಅಂಚಿನ ಬೀಜ ದಪ್ಪ, ನಡುವಿನದು ಸಣ್ಣದು. ಜೇನ್ನೊಣ ಬಾರದಿದ್ದರೆ ನಡುವಿನದು ಬರೀ ಜೊಳ್ಳು.

ಇಷ್ಟಾದ ಮೇಲೆ ನನ್ನ ಮುಖ್ಯ ದೂರು. ನಾವು ಬೀಜವನ್ನು ತೂಗಿ ಕೊಳ್ಳುತ್ತೇವೆ, ತೂಗಿ ಬಿತ್ತುತ್ತೇವೆ; ಹೊಲವಾದರೋ ತೂಕವನ್ನು ಅರಿಯದು, ಸಂಖ್ಯೆಯನ್ನು ಮಾತ್ರ ಬಲ್ಲದು. ಕಡಲೆಕಾಯಿಯನ್ನು ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಅಂತರದಲ್ಲಿ ಬಿತ್ತಬೇಕಾದರೆ ಎಕರೆಗೆ ಸುಮಾರು 1,35,000 ಗಿಡ ಬೇಕು. ನೂರು ಕಾಳಿನ ತೂಕ 35 ಗ್ರಾಂ ಎಂದಿಟ್ಟುಕೊಂಡರೆ ಅದಕ್ಕೆ 47 ಕಿಲೋ ಕಾಳು. ಮೊಳೆಯದೆ ಹೋಗುವುದಕ್ಕೆ ಮತ್ತಷ್ಟು ಸೇರಿಸಿಕೊಳ್ಳಬೇಕು. ಅದೇ ನೂರು ಕಾಳು 60 ಗ್ರಾಂ ತೂಗುವ ದಪ್ಪ ತಳಿಯಾದರೆ ಬೇಕಾದದ್ದು 81 ಕಿಲೋ. ಈಗ ಒಬ್ಬ ರೈತನು ‘ಎಕರೆಗೆ 50 ಕಿಲೋ’ ಎಂಬ ರೂಢಿಯ ಮಾತನ್ನು ನಂಬಿ, ಹೆಚ್ಚು ಬೆಲೆ ಕೊಟ್ಟು ಈ ದಪ್ಪ ಬೀಜವನ್ನೇ ತಂದನೆನ್ನಿ. ಅವನ ಕೈಯಲ್ಲಿರುವುದು 83,000 ಕಾಳು. ಒಂದೂ ಸಾಯದೆ ಎದ್ದರೂ ನೂರು ಗಿಡದ ಜಾಗದಲ್ಲಿ 38 ಬರಿದು. ಬೀಜ ಪ್ರಮಾಣೀಕರಣದ ನಿಯಮದಂತೆ ಕಡಲೆಕಾಯಿಯ ಕನಿಷ್ಠ ಮೊಳಕೆ ನೂರಕ್ಕೆ 70. ಆ ಲೆಕ್ಕ ಹಿಡಿದರೆ 58,000 ಗಿಡ, ಅಂದರೆ ಅರ್ಧ ಹೊಲವೂ ತುಂಬದು. ಇನ್ನೊಬ್ಬನು ನೂರಕ್ಕೆ 25 ಗ್ರಾಂ ತೂಗುವ ಸಣ್ಣ ಕಾಳನ್ನು ಅದೇ 50 ಕಿಲೋ ಬಿತ್ತಿದನಾದರೆ 2,00,000 ಬೀಜ ಸುರಿದಂತಾಯಿತು. ನೆಲದಲ್ಲಿ ತೇವ ಕಡಮೆಯಾದೊಡನೆ ಆ ಗಿಡಗಳು ಒಂದರ ಬಾಯಿಂದ ಒಂದು ಕಸಿದುಕೊಳ್ಳುವುವು. ಇಬ್ಬರೂ ಕೊಯ್ಲಿನ ಕಾಲದಲ್ಲಿ ಬೀಜದ ಗಾತ್ರವನ್ನು ಹೊಗಳಿಯೋ ತೆಗಳಿಯೋ ಮಾತನಾಡುವರು. ಸಂಖ್ಯೆಯನ್ನು ಇಬ್ಬರೂ ನೆನೆಯರು.

ವಿಪರ್ಯಾಸವೆಂದರೆ ಈ ಎಣಿಕೆಯ ಲೆಕ್ಕ ವ್ಯಾಪಾರಕ್ಕೆ ಹೊಸದಲ್ಲ. ಪರದೇಶಕ್ಕೆ ಹೋಗುವ ಕಡಲೆಕಾಯಿ ಕಾಳನ್ನು ವರ್ತಕರು ಇಂದಿಗೂ ಔನ್ಸಿಗೆ ಎಷ್ಟು ಕಾಳು ಎಂಬ ಲೆಕ್ಕದಲ್ಲಿ ದರ್ಜೆ ಮಾಡುತ್ತಾರೆ: 40ರಿಂದ 50 ಒಂದು ದರ್ಜೆ, 50ರಿಂದ 60 ಮತ್ತೊಂದು, 60ರಿಂದ 70 ಇನ್ನೊಂದು, ಹೀಗೆ. ಸಾಗರದಾಚೆ ಹುರಿದು ತಿನ್ನುವವನಿಗೆ ತನ್ನ ಪಾಲಿನ ಔನ್ಸಿನಲ್ಲಿ ಎಷ್ಟು ಕಾಳು ಬಂತೆಂಬುದು ತಿಳಿಯುತ್ತದೆ. ಅದನ್ನು ಬಿತ್ತಿ ಬೆಳೆಯತಕ್ಕ ರೈತನಿಗೆ ತನ್ನ ಚೀಲದಲ್ಲಿ ಎಷ್ಟು ಕಾಳಿದೆಯೆಂದು ಯಾರೂ ಹೇಳುವುದಿಲ್ಲ. 1966ರ ಬೀಜ ಕಾಯಿದೆಯ ಪ್ರಕಾರ ಚೀಲಕ್ಕೆ ಕಟ್ಟುವ ಚೀಟಿಯಲ್ಲಿ ತಳಿಯ ಹೆಸರುಂಟು, ಮೊಳಕೆಯ ಪ್ರಮಾಣವುಂಟು, ಶುದ್ಧತೆಯುಂಟು, ಪರೀಕ್ಷೆಯ ದಿನಾಂಕವುಂಟು, ಒಟ್ಟು ತೂಕವುಂಟು. ನೂರು ಕಾಳಿನ ತೂಕ ಮಾತ್ರ ಇಲ್ಲ. ಆ ಒಂದು ಅಂಕಿ ಸೇರಿದರೆ, ಮೊಳಕೆಯ ಪ್ರಮಾಣವೂ ಅದೇ ಚೀಟಿಯಲ್ಲಿರುವುದರಿಂದ, ಎಕರೆಗೆ ಎಷ್ಟು ಕಿಲೋ ಬೇಕೆಂಬುದನ್ನು ಅಂಗಡಿಯ ಮುಂದೆ ನಿಂತೇ ಗುಣಿಸಿ ತಿಳಿಯಬಹುದು.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಒಂದೇ ತಳಿಯ ಕಾಳಿನ ತೂಕವೂ ವರ್ಷದಿಂದ ವರ್ಷಕ್ಕೆ, ಹೊಲದಿಂದ ಹೊಲಕ್ಕೆ ಬದಲಾಗುತ್ತದೆಂದು ಬೀಜೋತ್ಪಾದಕರು ಹೇಳಿಯಾರು. ಬದಲಾಗುವುದರಿಂದಲೇ ಅದನ್ನು ಬರೆಯಬೇಕೆಂಬುದು ನನ್ನ ವಾದ. ಮೊಳಕೆಯ ಪ್ರಮಾಣವೂ ರಾಶಿಯಿಂದ ರಾಶಿಗೆ ಬದಲಾಗುತ್ತದಾದರೂ ಅದನ್ನು ಪರೀಕ್ಷಿಸಿ ಬರೆಯುತ್ತಿಲ್ಲವೆ? ರೈತನು ಇಷ್ಟು ಗಣಿತಕ್ಕೆ ಒಗ್ಗಿಕೊಳ್ಳಲಾರನೆಂಬ ಇನ್ನೊಂದು ಮಾತು ನನಗೆ ಅಪಮಾನಕರವಾಗಿ ತೋರುತ್ತದೆ. ಕಬ್ಬಿನ ಟನ್ನು, ಇಳುವರಿಯ ಶೇಕಡಾ, ಕಟಾವಿನ ಕೂಲಿ, ಸಾಗಣೆಯ ವೆಚ್ಚ ಇವನ್ನು ಬಾಯಲ್ಲಿಯೇ ಲೆಕ್ಕ ಹಾಕಬಲ್ಲ ಮಂಡ್ಯದ ರೈತನಿಗೆ ಒಂದು ಗುಣಾಕಾರ ಭಾರವಾದೀತೆ? ದಪ್ಪ ಕಾಳು ಯಂತ್ರದಲ್ಲಿ ಸುಲಿಯುವಾಗ ಸಣ್ಣದಕ್ಕಿಂತ ಹೆಚ್ಚಾಗಿ ಹೋಳಾಗುತ್ತದೆ, ಸಿಪ್ಪೆ ಸುಲಿದುಹೋಗುತ್ತದೆ ಎಂಬ ಮೂರನೆಯ ಆಕ್ಷೇಪಣೆ ನಿಜವಾದದ್ದು. ಅದಕ್ಕೆ ಪರಿಹಾರ ಹಳೆಯದೇ: ಬೀಜದ ಕಾಯಿಯನ್ನು ಬಿತ್ತನೆಯವರೆಗೂ ಸಿಪ್ಪೆಸಹಿತವಾಗಿಯೇ ಇಟ್ಟು, ಬಿತ್ತುವ ಮುನ್ನ ಕೈಯಿಂದ ಸುಲಿಯುವುದು. ಎಣ್ಣೆಯುಳ್ಳ ಕಾಳು ಸುಲಿದಿಟ್ಟರೆ ಬೇಗ ಕಮಟುತ್ತದೆ, ಜೀವ ಕಳೆದುಕೊಳ್ಳುತ್ತದೆ. ಸುಲಿಯುವ ಕೂಲಿ ಹೆಚ್ಚೆನ್ನುವವರು ಮೊಳೆಯದ ಬೀಜದ ಬೆಲೆಯನ್ನೂ ಅದರ ಪಕ್ಕದಲ್ಲಿಟ್ಟು ನೋಡಲಿ.

ಎಲ್ಲ ಎಣ್ಣೆಕಾಳಿಗೂ ಈ ನಿಯಮವನ್ನು ಒಂದೇ ಸಮನೆ ಹೇರಬೇಕೆಂದು ನಾನು ಹೇಳಲಾರೆ. ಎಳ್ಳನ್ನು ಎಕರೆಗೆ 2 ಕಿಲೋ ಬಿತ್ತಿದರೆ ಆರು ಲಕ್ಷಕ್ಕೂ ಮೀರಿದ ಕಾಳು ಬೀಳುತ್ತದೆ. 30 ಸೆಂಟಿಮೀಟರ್ ಸಾಲಿನಲ್ಲಿ 15 ಸೆಂಟಿಮೀಟರಿಗೊಂದರಂತೆ ಉಳಿಯಬೇಕಾದ ಗಿಡಗಳು ಸುಮಾರು 90,000. ಮರಳು ಬೆರಸಿ ಬಿತ್ತಿ, ಎದ್ದ ಮೇಲೆ ಹೆಚ್ಚಿನವನ್ನು ಕಿತ್ತುಹಾಕುವುದೇ ಅಲ್ಲಿಯ ಕ್ರಮ. ಬೀಜದ ಖರ್ಚೂ ಅಲ್ಪ; ಕಿತ್ತುಹಾಕುವುದನ್ನು ಮಾತ್ರ ಬಿಡಬಾರದು, ಅದನ್ನೇ ಬಹುಮಂದಿ ಬಿಡುತ್ತಾರೆ. ಅಕ್ಕಡಿಯ ಹುಚ್ಚೆಳ್ಳಿಗೂ ಸಾಸಿವೆಗೂ ಜೊಳ್ಳು ತೂರಿದರೆ ಸಾಕು. ಬದುವಿನ ಹರಳನ್ನಂತೂ ಕೈಯಿಂದ ಒಂದೊಂದಾಗಿ ಊರುವುದರಿಂದ ಅಲ್ಲಿ ಎಣಿಕೆ ತಾನಾಗಿಯೇ ನಡೆಯುತ್ತಿದೆ. ಕಡಲೆಕಾಯಿಯಲ್ಲಿ ಮಾತ್ರ ಬೀಜದ ಖರ್ಚೇ ಬೇಸಾಯದ ಖರ್ಚಿನ ದೊಡ್ಡ ಬಾಬತ್ತು. ಆದುದರಿಂದ ಅಲ್ಲಿಂದಲೇ ಆರಂಭವಾಗಬೇಕು.

ಕಾಯಿದೆ ತಿದ್ದುಪಡಿಯಾಗುವವರೆಗೆ ಕಾಯಬೇಕಾದದ್ದೂ ಇಲ್ಲ. ಕೊಪ್ಪ ಹೋಬಳಿಯ ರೈತ ಸಂಪರ್ಕ ಕೇಂದ್ರದಂತಹ ಕಡೆಗಳಲ್ಲಿ ರಿಯಾಯಿತಿ ದರದ ಬೀಜ ವಿತರಣೆಯಾಗುವ ದಿನ, ಗ್ರಾಂ ತೋರಿಸುವ ಒಂದು ಸಣ್ಣ ತಕ್ಕಡಿಯನ್ನು ಮೇಜಿನ ಮೇಲಿಟ್ಟು, ಬಂದ ಪ್ರತಿಯೊಂದು ರಾಶಿಯಿಂದಲೂ ನೂರು ಕಾಳೆಣಿಸಿ ತೂಗಿ, ಆ ತೂಕವನ್ನೂ ಅದಕ್ಕೆ ತಕ್ಕ ಎಕರೆವಾರು ಪ್ರಮಾಣವನ್ನೂ ಹಲಗೆಯ ಮೇಲೆ ಬರೆದು ತೂಗುಹಾಕಲು ಯಾವ ಆದೇಶವೂ ಬೇಕಾಗಿಲ್ಲ. ಮಂಡ್ಯದ ವಿ.ಸಿ. ಫಾರಂ ಹತ್ತಿರದಲ್ಲೇ ಇದೆ. ಅಲ್ಲಿಯ ವಿಜ್ಞಾನಿಗಳು ಈ ತಾಲ್ಲೂಕುಗಳ ಕೆಂಪು ಹೊಲದಲ್ಲಿಯೇ ದರ್ಜೆ ಮಾಡಿದ ಬೀಜವನ್ನೂ ಬೆರಕೆ ಬೀಜವನ್ನೂ ಸಮಸಂಖ್ಯೆಯಲ್ಲಿ ಒಂದು ಕಡೆ, ಸಮತೂಕದಲ್ಲಿ ಇನ್ನೊಂದು ಕಡೆ ಬಿತ್ತಿ, ರೈತರನ್ನು ಕರೆದು ತೋರಿಸಲಿ. ಸಮಸಂಖ್ಯೆಯೋ ಸಮತೂಕವೋ ಎಂಬುದನ್ನು ಹೇಳದೆ ದಪ್ಪ ಬೀಜದಿಂದ ಇಷ್ಟು ಹೆಚ್ಚು ಇಳುವರಿ ಬಂತೆಂದು ಮಾತ್ರ ಹೇಳುವ ಪ್ರಾತ್ಯಕ್ಷಿಕೆಗಳನ್ನು ರೈತರು ಪ್ರಶ್ನಿಸಬೇಕು. ಮುಂದಿನ ಮುಂಗಾರಿಗೆ ಬೀಜದ ಚೀಲ ಇಳಿಯುವ ಮೊದಲೇ ಪ್ರಶ್ನಿಸಿದರೆ ಒಳ್ಳೆಯದು.